ಬೇಕಿದ್ದದ್ದು ನಾಯಿ, ಸಿಕ್ಕಿದ್ದು ಹಸು

ತೂತು ಕೊರೆದ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸಿ ಕ್ರೇನು, ಸೇತುವೆ, ಗಾಡಿ ಮಾಡುವ ಆಟಿಕೆಯೊಂದಿದೆ. ಹೆಸರು ಮೆಕ್ಯಾನೊ. ಅದನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಕಂಪನಿ ಹುಡುಗರಿಗಾಗಿ ಒಂದು ಪತ್ರಿಕೆಯನ್ನೂ ಹೊರತರುತ್ತಿತ್ತು. ತುಂಬ ಎಂಜಿನ್, ಹಡಗು, ಸೇತುವೆಗಳೇ. ಅದನ್ನು ಓದಿ ಎಷ್ಟು ಹುಡುಗರು ಎಂಜಿನಿಯರ್ ಆದರೋ ಲೆಕ್ಕವಿಟ್ಟವರಿಲ್ಲ. ಆದರೆ 1920ರ ದಶಕದ ಕೊನೆಯ ಹೊತ್ತಿಗೆ ಅದೇ ಪತ್ರಿಕೆಯಲ್ಲಿ ಪಶುವೈದ್ಯ ವೃತ್ತಿಯ ಬಗ್ಗೆ ಒಂದು ಲೇಖನ ಬಂತು. ಗ್ಲಾಸ್ಗೊದ ಹನ್ನೆರಡು ಹದಿಮೂರರ ಹುಡುಗನೊಬ್ಬ ಓದಿದ, ನಾನು ಪಶುವೈದ್ಯನೇ ಆಗುವುದು ಎಂದು ಗಟ್ಟಿ ಮಾಡಿಕೊಂಡ. ಎಂಜಿನಿಯರಿಂಗ್ ಪತ್ರಿಕೆ ಓದಿ ದನದ ಡಾಕ್ಟರಾದ ಈ ಮನುಷ್ಯನ ಕಥೆ ಗೊತ್ತಾದಾಗ, ಬಿಇ ಮೂರನೇ ವರ್ಷದಲ್ಲಿರುವ ನನಗೆ ನಗುವೇ ಬಂತು. ಆಮೇಲೆ ಪೂರ್ತಿ ಓದಿದೆ.

ಹುಡುಗನ ಹೆಸರು ಜೇಮ್ಸ್ ಆಲ್ಫ್ರೆಡ್ ವೈಟ್. ಮನೆಯವರಿಗೆ, ಗೆಳೆಯರಿಗೆ ಆಲ್ಫ್. ಲೋಕಕ್ಕೆ ಅವರು ಪರಿಚಯವಾದದ್ದು ಜೇಮ್ಸ್ ಹೆರಿಯಟ್ ಎಂಬ ಇನ್ನೊಂದು ಹೆಸರಿನಿಂದ. ಯಾರ್ಕ್‌ಶೈರಿನ ಹಸು, ಕುರಿ, ನಾಯಿ, ರೈತರ ಬಗ್ಗೆ ಬರೆದ ಅವರ ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾಗಿವೆ. ಪುಸ್ತಕಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕಾಲೇಜು ದಿನಗಳು. ಕೈಗೆ ಸರ್ಟಿಫಿಕೇಟ್ ಬರುವವರೆಗೆ ಅವರನ್ನು ಆಲ್ಫ್ ಎಂದೇ, ಏಕವಚನದಲ್ಲೇ ಕರೆಯುತ್ತೇನೆ. ಅಲ್ಲಿಯವರೆಗೆ ಅವನು ನಮ್ಮ ವಯಸ್ಸಿನವನೇ ತಾನೆ.

ಆಲ್ಫ್ ಹುಟ್ಟಿದ್ದು 1916ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್‌ನಲ್ಲಿ. ಕೆಲವೇ ವಾರಗಳ ಕೂಸಾಗಿದ್ದಾಗ ಮನೆಯವರು ಅವನನ್ನು ಎತ್ತಿಕೊಂಡು ಸ್ಕಾಟ್‌ಲೆಂಡಿನ ಗ್ಲಾಸ್ಗೊಗೆ ಹೋದರು. ಅಪ್ಪ ಹಡಗು ಕಟ್ಟುವ ಕಡೆ ಉಕ್ಕಿನ ತಗಡು ಜೋಡಿಸುವ ಕೆಲಸಗಾರ. ಜೊತೆಗೆ ಸಿನಿಮಾ ಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುತ್ತಿದ್ದವರು. ಅಮ್ಮ ಹಾಡುಗಾರ್ತಿ, ಮನೆಯಲ್ಲೇ ಬಟ್ಟೆ ಹೊಲಿಯುವ ವ್ಯಾಪಾರ ನಡೆಸಿದವರು. ಕಾಲ ಹೇಗಿತ್ತು ನೋಡಿ. ಮಾತಾಡುವ ಸಿನಿಮಾ ಬಂದದ್ದೇ ತಡ, ಮಂದಿರಗಳಲ್ಲಿ ವಾದ್ಯ ನುಡಿಸುವವರ ಕೆಲಸ ಹೋಯಿತು. ಆರ್ಥಿಕ ಕುಸಿತ ಬಂದದ್ದೇ, ಹಡಗು ಕಟ್ಟುವ ಕಡೆಯೂ ಕೆಲಸ ಕಡಿಮೆಯಾಯಿತು. ಅಂಥ ದಿನಗಳಲ್ಲೂ ಅಪ್ಪ ಅಮ್ಮ ಮಗನನ್ನು ಫೀಸು ಕಟ್ಟಿ ಹಿಲ್‌ಹೆಡ್ ಹೈಸ್ಕೂಲಿಗೆ ಸೇರಿಸಿದರು. ಅಮ್ಮನ ಹೊಲಿಗೆಯ ಕಾಸು ಅದರಲ್ಲಿ ಬಹಳ ಇತ್ತು.

ಹುಡುಗನಿಗೆ ಒಂದು ನಾಯಿ ಇತ್ತು. ಐರಿಷ್ ಸೆಟರ್ ಜಾತಿಯದು, ಹೆಸರು ಡಾನ್. ಅದನ್ನು ಕರೆದುಕೊಂಡು ಊರ ಹೊರಗಿನ ಗುಡ್ಡಗಳಲ್ಲಿ ಮೈಲುಗಟ್ಟಲೆ ನಡೆಯುವುದು ಅವನ ಅಭ್ಯಾಸ. ಮೆಕ್ಯಾನೊ ಪತ್ರಿಕೆಯ ಲೇಖನ ಅವನ ತಲೆಯಲ್ಲಿ ಕೂತದ್ದೂ ಈ ನಾಯಿಯಿಂದಲೇ. ಜೀವನ ಪೂರ್ತಿ ನಾಯಿಗಳ ಜೊತೆ ಇರಬಹುದು, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ! ಅವನ ಕಲ್ಪನೆಯಲ್ಲಿ ಇದ್ದದ್ದು ಬಿಳಿ ಕೋಟು, ಶುಚಿಯಾದ ಕೋಣೆ, ಮೇಜಿನ ಮೇಲೆ ನಾಯಿ. ಹಸು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಒಂದೇ ತೊಂದರೆ. ಆಲ್ಫ್‌ಗೆ ಚೆನ್ನಾಗಿ ಬರುತ್ತಿದ್ದದ್ದು ಇಂಗ್ಲಿಷ್, ಲ್ಯಾಟಿನ್, ಫ್ರೆಂಚ್. ಗಣಿತ ಅವನಿಗೆ ಕಬ್ಬಿಣದ ಕಡಲೆ, ವಿಜ್ಞಾನ ಅವನ ವಿಷಯವೇ ಅಲ್ಲ. ನಮ್ಮಲ್ಲಾಗಿದ್ದರೆ ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡವನು ಪಶುವೈದ್ಯ ಕಾಲೇಜಿನ ಗೇಟು ದಾಟಲು ಸಾಧ್ಯವೇ ಇಲ್ಲ. ಅಷ್ಟರಲ್ಲಿ ಗ್ಲಾಸ್ಗೊ ಪಶುವೈದ್ಯ ಕಾಲೇಜಿನ ಪ್ರಿನ್ಸಿಪಾಲ್ ವೈಟ್‌ಹೌಸ್ ಅವರು ಅವನ ಶಾಲೆಗೆ ಬಂದು ಭಾಷಣ ಮಾಡಿದರು. ವಿಜ್ಞಾನದ ಅಂಕ ಇಲ್ಲದಿದ್ದರೂ ಸೀಟು ಸಿಗುತ್ತದೆ ಎಂದು ಧೈರ್ಯ ತುಂಬಿದವರೂ ಅವರೇ.

ಪ್ರಿನ್ಸಿಪಾಲರೇ ಶಾಲೆ ಶಾಲೆ ಸುತ್ತಿ ವಿದ್ಯಾರ್ಥಿಗಳನ್ನು ಹುಡುಕುತ್ತಿದ್ದರು ಎಂದರೆ ಕಾಲೇಜಿನ ಸ್ಥಿತಿ ಅರ್ಥವಾಗಬೇಕು. 1862ರಲ್ಲಿ ಶುರುವಾದ ಕಾಲೇಜು ಅದು. ಸ್ಕಾಟ್‌ಲೆಂಡಿಗೆ ಎಡಿನ್‌ಬರೊದ ಒಂದು ಪಶುವೈದ್ಯ ಕಾಲೇಜು ಸಾಕು ಎಂದು 1920ರ ದಶಕದಲ್ಲಿ ಸರ್ಕಾರ ಇದರ ಅನುದಾನವನ್ನೇ ನಿಲ್ಲಿಸಿತ್ತು. ಹಠ ಹಿಡಿದು ಫೀಸಿನ ದುಡ್ಡಿನಲ್ಲೇ ನಡೆಯುತ್ತಿತ್ತು. ಹಳೆಯ ಕಟ್ಟಡ, ಪಾಠ ಮಾಡುವವರಲ್ಲಿ ಹಲವರು ಅರೆಕಾಲಿಕ. ಹೊರಗೆ ಆ ವೃತ್ತಿಯೇ ಮುಗಿಯಿತು ಎಂಬ ಮಾತು. ಯಾಕೆಂದರೆ ಅಲ್ಲಿಯವರೆಗೆ ಪಶುವೈದ್ಯರ ಅನ್ನ ಇದ್ದದ್ದು ಕುದುರೆಯಲ್ಲಿ. ಗಾಡಿ ಎಳೆಯಲು, ಹೊಲ ಉಳಲು, ಸೈನ್ಯಕ್ಕೆ ಎಲ್ಲದಕ್ಕೂ ಕುದುರೆ. ಊರಿನಲ್ಲಿ ಲಾರಿ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಕುದುರೆ ಹೊರಟಿತು. ಇಂಥ ಹೊತ್ತಿನಲ್ಲಿ, 1933ರಲ್ಲಿ, ಹದಿನಾರು ಮುಗಿಯುತ್ತಿದ್ದ ಆಲ್ಫ್ ಆ ಕಾಲೇಜಿಗೆ ಸೇರಿದ.

ನನ್ನ ಚಿಕ್ಕಪ್ಪನ ಮಗಳು ಬಿವಿಎಸ್ಸಿ ಸೀಟು ತೆಗೆದುಕೊಂಡಾಗ ನಮ್ಮ ಮನೆಯಲ್ಲೂ ಇದೇ ಥರದ ಮಾತುಗಳು ಬಂದವು. ಮನುಷ್ಯರ ಡಾಕ್ಟರ್ ಸೀಟು ಸಿಗಲಿಲ್ಲವಾ, ಹೆಣ್ಣುಮಗಳು ಕೊಟ್ಟಿಗೆಯಲ್ಲಿ ಸಗಣಿ ತುಳಿಯಬೇಕಾ, ಹಳ್ಳಿಯಲ್ಲಿ ದನ ಎಲ್ಲಿವೆ ಈಗ ಅಂತ. ಆ ಮಾತು ಆಡಿದವರ ಮನೆಗೂ ಬೆಳಗ್ಗೆ ಎರಡು ಪ್ಯಾಕೆಟ್ ಹಾಲು ಬರುತ್ತದೆ ಎಂಬುದು ಬೇರೆ ವಿಷಯ. ಎಂಜಿನಿಯರಿಂಗ್ ಸೇರಿದವರಿಗೆ ಇಂಥ ಪ್ರಶ್ನೆ ಮೊದಲು ಬರುತ್ತಿರಲಿಲ್ಲ. ಈಗ ನಮಗೂ ಶುರುವಾಗಿದೆ, ನಿಮ್ಮ ಕೆಲಸ ಎಲ್ಲ ಕಂಪ್ಯೂಟರೇ ಮಾಡುತ್ತದಂತಲ್ಲ ಎಂದು. ಆಲ್ಫ್ ನನಗೆ ಹತ್ತಿರದವನಾದದ್ದು ಅದಕ್ಕೇ ಇರಬೇಕು.

ಕಾಲೇಜಿನಲ್ಲಿ ಕುದುರೆಯೇ ರಾಜ. ಅಂಗರಚನೆ ಪಾಠ ಎಂದರೆ ಕುದುರೆಯ ಮೂಳೆ, ಕುದುರೆಯ ಸ್ನಾಯು. ಹಸು, ಕುರಿ, ಹಂದಿಗಳು ಕುದುರೆಗಿಂತ ಎಲ್ಲೆಲ್ಲಿ ಬೇರೆ ಎಂದು ಆಮೇಲೆ ಹೇಳಿದರಾಯಿತು. ನಾಯಿ, ಬೆಕ್ಕು ಇನ್ನೂ ಕೊನೆಗೆ. ಹೊರಗೆ ಬೀದಿಯಿಂದ ಮಾಯವಾಗುತ್ತಿದ್ದ ಪ್ರಾಣಿಯನ್ನು ಒಳಗೆ ಇಂಚು ಇಂಚಾಗಿ ಬಾಯಿಪಾಠ ಮಾಡಬೇಕು. ಸಿಲಬಸ್ ಎಂಬುದು ಕಾಲಕ್ಕಿಂತ ಸ್ವಲ್ಪ ಹಿಂದೆ ನಡೆಯುವುದು ನಮ್ಮ ಕಾಲೇಜುಗಳಿಗಷ್ಟೇ ಅಂಟಿದ ರೋಗ ಅಂದುಕೊಂಡಿದ್ದೆ.

ಆದರೆ ಪರೀಕ್ಷೆ ಕಾಲೇಜಿನ ಕೈಯಲ್ಲಿರಲಿಲ್ಲ. ಬ್ರಿಟನ್ನಿನ ಎಲ್ಲ ಪಶುವೈದ್ಯ ಕಾಲೇಜುಗಳಿಗೂ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಸ್ಥೆಯದೇ ಪರೀಕ್ಷೆ. ಅದನ್ನು ದಾಟದೆ ಹೆಸರಿನ ಮುಂದೆ ಎಂಆರ್‌ಸಿವಿಎಸ್ ಎಂದು ಹಾಕಿಕೊಳ್ಳುವಂತಿಲ್ಲ. ಕಾಲೇಜಿನೊಳಗೆ ಹಾಜರಾತಿಯ ಗಲಾಟೆ ಕಡಿಮೆ, ಫೇಲಾದರೆ ಫೀಸು ಕಟ್ಟಿ ಮತ್ತೆ ಕೂರಬಹುದು. ಹೀಗಾಗಿ ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡಿದ ಹಿರಿಯರೂ ಇದ್ದರು. ಆಲ್ಫ್ ಅಷ್ಟು ದೂರ ಹೋಗಲಿಲ್ಲ. ಆದರೆ ಫುಟ್‌ಬಾಲ್, ಟೆನಿಸ್, ಗೆಳೆಯರ ಗುಂಪು ಇವುಗಳ ನಡುವೆ ಅವನ ಓದು ನಿಧಾನವಾಗಿಯೇ ಸಾಗಿತು. ಕೆಲವು ವಿಷಯಗಳಲ್ಲಿ ಫೇಲಾದ, ಮತ್ತೆ ಬರೆದ.

ಇದರ ಜೊತೆಗೆ ಕಾಯಿಲೆ. ಗುದದ ಬಳಿ ಕೀವು ಕಟ್ಟುವ ಫಿಸ್ಟುಲಾ ಅವನನ್ನು ಕಾಡಿತು. ಆಂಟಿಬಯೋಟಿಕ್ ಇಲ್ಲದ ಕಾಲ. ಆಪರೇಷನ್ ಮಾಡಿಸಿಕೊಂಡರೂ ವಾಸಿಯಾಗದೆ ಮರುಕಳಿಸುತ್ತಿತ್ತು. ಪುಸ್ತಕಗಳಲ್ಲಿ ಕಾಣುವ ಆ ನಗುಮುಖದ ಡಾಕ್ಟರ್ ಹಾಸಿಗೆ ಹಿಡಿದು, ಗೆಳೆಯರು ಮುಂದೆ ಹೋಗುವುದನ್ನು ನೋಡುತ್ತ ಇದ್ದ ದಿನಗಳಿವು. ಅವನ ಆಲಸ್ಯದ ಬಗ್ಗೆ ತಮಾಷೆ ಮಾಡುವವರು ಇದನ್ನು ಮರೆಯುತ್ತಾರೆ.

ಅವನು ನಿಜವಾಗಿ ಕಲಿತದ್ದು ರಜೆಗಳಲ್ಲಿ ಎನ್ನಬೇಕು. ವೃತ್ತಿಯಲ್ಲಿರುವ ಡಾಕ್ಟರುಗಳ ಜೊತೆ ಓಡಾಡಿ ಕೆಲಸ ನೋಡುವುದು ಓದಿನ ಭಾಗವೇ ಆಗಿತ್ತು. ಗ್ಲಾಸ್ಗೊದಲ್ಲಿ ಬಿಲ್ ವೈಪರ್ಸ್ ಎಂಬ ಪಶುವೈದ್ಯರಿದ್ದರು. ನಾಯಿ ಬೆಕ್ಕುಗಳ ಚಿಕಿತ್ಸೆಯನ್ನು ಹೊಸ ರೀತಿಯಲ್ಲಿ, ಅಚ್ಚುಕಟ್ಟಾಗಿ ನಡೆಸುತ್ತಿದ್ದವರು. ಮೆಕ್ಯಾನೊ ಪತ್ರಿಕೆ ಓದಿದಾಗ ಕಂಡ ಕನಸು ಆಲ್ಫ್‌ಗೆ ಕಣ್ಣೆದುರು ಸಿಕ್ಕಿದ್ದು ಇವರ ಬಳಿ. ಮುಂದೆ 1949ರಲ್ಲಿ ಆ ಬಡ ಕಾಲೇಜು ಗ್ಲಾಸ್ಗೊ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಅದನ್ನು ಕಟ್ಟಿ ನಿಲ್ಲಿಸಿದವರೂ ಇದೇ ವೈಪರ್ಸ್.

1939ರ ಡಿಸೆಂಬರ್ 14ರಂದು ಆಲ್ಫ್ ಪಾಸಾದ. ಐದು ವರ್ಷದ ಕೋರ್ಸಿಗೆ ಆರು ವರ್ಷ ಮೂರು ತಿಂಗಳು. ಹೊರಗೆ ಬಂದು ನೋಡಿದರೆ ಯುದ್ಧ ಶುರುವಾಗಿದೆ, ಕೆಲಸಕ್ಕೆ ಬರ. ವೃತ್ತಿಪತ್ರಿಕೆಯ ಒಂದೊಂದು ಜಾಹೀರಾತಿಗೂ ಅರ್ಜಿಗಳ ರಾಶಿ. ಊಟ ವಸತಿ ಕೊಟ್ಟರೆ ಸಾಕು, ಸಂಬಳ ಬೇಡ ಎನ್ನುವವರೂ ಇದ್ದ ಕಾಲ ಅದು. ಇನ್ನು ಬಹುವಚನ.

ವೈಟ್ ಅವರಿಗೆ ಮೊದಲ ಕೆಲಸ ಸಿಕ್ಕಿದ್ದು ಹುಟ್ಟೂರು ಸಂಡರ್‌ಲ್ಯಾಂಡ್‌ನಲ್ಲಿ, ರಜೆಗಳಲ್ಲಿ ಹೋಗುತ್ತಿದ್ದ ಮೆಕ್‌ಡೊವಾಲ್ ಅವರ ಬಳಿ. ಅಲ್ಲಿ ನಾಯಿಗಳಿದ್ದವು, ಆದರೆ ಕೆಲಸ ಎಷ್ಟು ದಿನ ಉಳಿಯುತ್ತದೆ ಎಂಬ ಭರವಸೆ ಇರಲಿಲ್ಲ. 1940ರ ಜುಲೈನಲ್ಲಿ ಯಾರ್ಕ್‌ಶೈರಿನ ಥರ್ಸ್ಕ್ ಎಂಬ ಪುಟ್ಟ ಸಂತೆಪೇಟೆಗೆ, ಡೊನಾಲ್ಡ್ ಸಿಂಕ್ಲೇರ್ ಎಂಬ ಪಶುವೈದ್ಯರ ಬಳಿಗೆ ಹೋದರು. ಸಿಂಕ್ಲೇರ್ ವಾಯುಪಡೆಗೆ ಹೊರಟಿದ್ದರು, ನೋಡಿಕೊಳ್ಳಲು ಒಬ್ಬರು ಬೇಕಿತ್ತು. ವಯಸ್ಸು ಕಡಿಮೆ ಹೇಳಿ ಸೇರಿದ್ದ ಸಿಂಕ್ಲೇರ್ ಸಿಕ್ಕಿಬಿದ್ದು ಕೆಲವೇ ತಿಂಗಳಲ್ಲಿ ವಾಪಸ್ ಬಂದರು! ಮುಂದೆ ಪುಸ್ತಕಗಳಲ್ಲಿ ಸೀಗ್‌ಫ್ರೀಡ್ ಎಂಬ ಮುಂಗೋಪಿ, ಮರೆಗುಳಿ ಪಾತ್ರವಾದದ್ದು ಇವರೇ. ಪುಸ್ತಕದಲ್ಲಿ ಇದೆಲ್ಲ 1937ರಲ್ಲಿ ನಡೆದಂತೆ ಬರುತ್ತದೆ. ನಿಜದಲ್ಲಿ ಆ ವರ್ಷ ಅವರು ಇನ್ನೂ ಕಾಲೇಜಿನ ಬೆಂಚಿನಲ್ಲಿದ್ದರು. ಎಲ್ಲವನ್ನೂ ಅಕ್ಷರಶಃ ನಂಬುವ ಓದುಗರಿಗೆ ಇದು ಗೊತ್ತಿರಲಿ.

ಥರ್ಸ್ಕ್ ಸುತ್ತ ಇದ್ದದ್ದು ಹಸು ಮತ್ತು ಕುರಿ. ಗ್ಲಾಸ್ಗೊ ಪೇಟೆಯ ಹುಡುಗ, ನಾಯಿಗಾಗಿ ಓದಲು ಹೋದವರು, ಕುದುರೆ ಓದಿ ಬಂದವರು ಈಗ ಹಸುವಿನ ಹಿಂದೆ ನಿಂತರು. ಕರು ಅಡ್ಡ ತಿರುಗಿದರೆ, ಕಾಲು ಮಡಚಿಕೊಂಡರೆ, ರಾತ್ರಿ ಎರಡು ಗಂಟೆಗೆ ಮೂಳೆ ಕೊರೆಯುವ ಚಳಿಯಲ್ಲಿ ಅಂಗಿ ಬಿಚ್ಚಿ, ಕೊಟ್ಟಿಗೆಯ ಕಲ್ಲುನೆಲದಲ್ಲಿ ಮಲಗಿ, ತೋಳಿಗೆ ಸಾಬೂನು ಹಚ್ಚಿಕೊಂಡು ಭುಜದವರೆಗೆ ಒಳಗೆ ಹಾಕಬೇಕು. ಹಸು ಮುಕ್ಕಿದಾಗಲೆಲ್ಲ ತೋಳು ಜೋಮು ಹಿಡಿಯುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಕರು ಎಷ್ಟು ಅಚ್ಚುಕಟ್ಟಾಗಿ ಕೂತಿರುತ್ತದೆ! ಅವರ ಮೊದಲ ಪುಸ್ತಕ ಶುರುವಾಗುವುದೇ ಇಂಥ ಒಂದು ರಾತ್ರಿಯಿಂದ. ಕಂದು ಹಾಕುವ ಹಸುಗಳಿಂದ ಬರುವ ಬ್ರುಸೆಲ್ಲಾ ಸೋಂಕು ಅವರಿಗೂ ತಗುಲಿ, ಆಗಾಗ ಜ್ವರದಲ್ಲಿ ಮಲಗಿಸುತ್ತಿತ್ತು.

ಕಾಲೇಜಿನ ಪಾಠ ಪೂರ್ತಿ ವ್ಯರ್ಥವಾಯಿತು ಎಂದಲ್ಲ. ಕರು ಹಾಕಿದ ಒಂದೆರಡು ದಿನಕ್ಕೆ ಒಳ್ಳೆ ಹಾಲಿನ ಹಸು ದಿಢೀರನೆ ಕುಸಿದು, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿಬಿಡುತ್ತದೆ. ಹಾಲು ಜ್ವರ ಎನ್ನುತ್ತಾರೆ, ಆದರೆ ಮೈ ಬಿಸಿ ಇರುವುದಿಲ್ಲ. ಹಾಲಿಗೆ ಸುಣ್ಣದಂಶ ಹರಿದುಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವುದೇ ಕಾರಣ ಎಂದು ಎಡಿನ್‌ಬರೊದ ವಿಜ್ಞಾನಿಗಳಾದ ಡ್ರೈಯರ್ ಮತ್ತು ಗ್ರೇಗ್ 1925ರಲ್ಲಿ ಹೇಳಿದ್ದರು. ವೈಟ್ ಅವರ ಪೀಳಿಗೆಗೆ ಅದು ಪಾಠವಾಗಿ ಸಿಕ್ಕಿತು. ರಕ್ತನಾಳಕ್ಕೆ ಕ್ಯಾಲ್ಸಿಯಂ ದ್ರಾವಣ ಕೊಟ್ಟರೆ ಸತ್ತೇ ಹೋಯಿತು ಎಂದುಕೊಂಡ ಹಸು ಸ್ವಲ್ಪ ಹೊತ್ತಿಗೆಲ್ಲ ಎದ್ದು ನಿಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಡಾಕ್ಟರಿಗೆ ದೇವರ ಹೆಸರು ತರುವ ಇಂಜೆಕ್ಷನ್ ಇದೇ ಎಂದು ನನ್ನ ತಂಗಿ ಹೇಳುತ್ತಾಳೆ.

ಕಥೆಗಳಲ್ಲಿ ಹೆಚ್ಚು ಬಾರದ, ಆದರೆ ಅವರ ಬದುಕಿನ ಎಷ್ಟೋ ದಿನಗಳನ್ನು ತಿಂದ ಕೆಲಸ ಕ್ಷಯ ಪರೀಕ್ಷೆ. ಹಸುವಿನ ಕ್ಷಯ ಹಾಲಿನ ಮೂಲಕ ಮಕ್ಕಳಿಗೆ ಬರುತ್ತಿತ್ತು. ಹಸುವಿನ ಕತ್ತಿನ ಕೂದಲು ಕತ್ತರಿಸಿ, ಚರ್ಮದ ದಪ್ಪ ಅಳೆದು, ಟ್ಯೂಬರ್ಕ್ಯುಲಿನ್ ಚುಚ್ಚಿ, ಮೂರು ದಿನ ಬಿಟ್ಟು ಬಂದು ಮತ್ತೆ ದಪ್ಪ ಅಳೆಯಬೇಕು. ಊದಿಕೊಂಡಿದ್ದರೆ ಆ ಹಸು ಹೊರಗೆ. ಅಳೆಯುವುದು ಕ್ಯಾಲಿಪರ್‌ನಲ್ಲಿ. ವರ್ಕ್‌ಶಾಪಿನಲ್ಲಿ ನಾವು ಕಬ್ಬಿಣದ ಸರಳಿಗೆ ಹಿಡಿಯುವ ಸಾಧನವನ್ನು ಅವರು ಒದೆಯುವ ಹಸುವಿನ ಕತ್ತಿಗೆ ಹಿಡಿಯುತ್ತಿದ್ದರು. 1941ರ ನವೆಂಬರ್ 5ರಂದು ಜೋನ್ ಡ್ಯಾನ್‌ಬರಿ ಅವರನ್ನು ಮದುವೆಯಾದರು. ಮಧುಚಂದ್ರಕ್ಕೆ ಹೋದದ್ದು ಗುಡ್ಡಗಾಡಿನ ಕಾರ್ಪರ್ಬಿ ಎಂಬ ಹಳ್ಳಿಗೆ. ಅಲ್ಲೂ ಹಗಲೆಲ್ಲ ಕ್ಷಯ ಪರೀಕ್ಷೆಯೇ, ಹೊಸ ಹೆಂಡತಿ ಪಕ್ಕದಲ್ಲಿ ಕೂತು ಲೆಕ್ಕ ಬರೆದುಕೊಂಡರು. ಒಂದೊಂದೇ ಕೊಟ್ಟಿಗೆ ಹತ್ತಿ ಇಳಿದು ಮಾಡಿದ ಈ ಬೇಸರದ ಕೆಲಸದಿಂದ ಎಷ್ಟು ಮಕ್ಕಳು ಉಳಿದರೋ. ನನಗಂತೂ ಪುಸ್ತಕಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

1942ರಲ್ಲಿ ವಾಯುಪಡೆ ಸೇರಿ ವಿಮಾನ ಹಾರಿಸಲು ಕಲಿತರು. ಹಳೆಯ ಫಿಸ್ಟುಲಾ ಮತ್ತೆ ಬಂತು, ಆಪರೇಷನ್ ಆಯಿತು, ಪೈಲಟ್ ಆಗಲು ಅನರ್ಹ ಎಂದು ಮರುವರ್ಷ ಮನೆಗೆ ಕಳಿಸಿದರು. ಮತ್ತೆ ಥರ್ಸ್ಕ್, ಮತ್ತೆ ಹಸು. ಯುದ್ಧ ಮುಗಿದ ಮೇಲೆ ಪೆನಿಸಿಲಿನ್ ಬಂತು. ಕೆಚ್ಚಲು ಬಾವಿನಿಂದ ಕೈಬಿಟ್ಟ ಹಸುಗಳು ಉಳಿಯತೊಡಗಿದವು. ಕಾಲೇಜಿನಲ್ಲಿ ಉರು ಹೊಡೆದಿದ್ದ ಕಷಾಯ, ಪುಡಿ, ಮುಲಾಮುಗಳ ಪಟ್ಟಿ ಕೆಲವೇ ವರ್ಷಗಳಲ್ಲಿ ಹಳತಾಯಿತು. ಟ್ರ್ಯಾಕ್ಟರುಗಳು ಕೊನೆಯ ಕುದುರೆಗಳನ್ನೂ ಹೊಲದಿಂದ ಹೊರಡಿಸಿದವು. ಮುಗಿದೇಹೋಯಿತು ಎನ್ನುತ್ತಿದ್ದ ವೃತ್ತಿ ಮಾತ್ರ ಹಾಲಿನ ಮೇಲೆ, ಆಮೇಲೆ ನಾಯಿ ಬೆಕ್ಕುಗಳ ಮೇಲೆ ಚೆನ್ನಾಗಿಯೇ ನಡೆಯಿತು.

ಅವರ ಪುಸ್ತಕ ಓದಿದವರು ಊಹಿಸದ ಒಂದು ಸಂಗತಿ, 1960ರ ಸುಮಾರಿಗೆ ಅವರು ತೀವ್ರ ಖಿನ್ನತೆಗೆ ಬಿದ್ದದ್ದು. ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆಯವರೆಗೂ ಹೋಯಿತು. ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ನಿಂತರು. ಇನ್ನೊಂದು ಸಂಗತಿ ನನಗೆ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. ಮಗ ಜಿಮ್ ಅಪ್ಪನ ಕಾಲೇಜಿನಲ್ಲೇ ಓದಿ, 1966ರಲ್ಲಿ ಪಶುವೈದ್ಯನಾಗಿ ಅಪ್ಪನ ಜೊತೆ ಸೇರಿಕೊಂಡ. ಮಗಳು ರೋಸಿಗೂ ಪಶುವೈದ್ಯೆಯಾಗುವ ಆಸೆ ಇತ್ತು. ಹೆಣ್ಣುಮಗಳಿಗೆ ಇದು ತೀರಾ ಒರಟು, ಅಪಾಯದ ಕೆಲಸ ಎಂದು ಅಪ್ಪ ಅವಳ ಮನಸ್ಸು ತಿರುಗಿಸಿದರು. ಅವಳು ಮನುಷ್ಯರ ಡಾಕ್ಟರಾದಳು. ಒದೆ ತಿಂದು, ಜ್ವರ ತಿಂದು ಬಂದ ಅಪ್ಪನ ಭಯ ಸುಳ್ಳಲ್ಲ. ಆದರೂ ತಾನು ಒಂದು ಪತ್ರಿಕೆ ಓದಿ, ಅಂಕವಿಲ್ಲದೆ, ಯಾರ ಮಾತೂ ಕೇಳದೆ ಹೊರಟ ಹುಡುಗನೇ ಮಗಳ ಸರದಿ ಬಂದಾಗ ನಮ್ಮ ಮನೆಯ ದೊಡ್ಡವರಂತೆ ಮಾತಾಡಿದರಲ್ಲ ಎನ್ನಿಸಿತು.

ಇಂದಲ್ಲ ನಾಳೆ ಬರೆಯುತ್ತೇನೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಗಂಡನನ್ನು ಜೋನ್ ಒಂದು ದಿನ ಕೆಣಕಿದರಂತೆ, ಐವತ್ತು ದಾಟಿದ ಪಶುವೈದ್ಯರು ಹೊಸದಾಗಿ ಪುಸ್ತಕ ಬರೆಯುವುದಿಲ್ಲ ಎಂದು. ಹಠ ಬಂತು. ರಾತ್ರಿ ಟಿವಿ ಮುಂದೆ ಕೂತು ಟೈಪ್ ಮಾಡತೊಡಗಿದರು. ಕಳಿಸಿದ್ದೆಲ್ಲ ವಾಪಸ್ ಬಂತು. ಬರವಣಿಗೆಯಲ್ಲೂ ಅವರು ಫೇಲಾಗಿ ಮತ್ತೆ ಕೂತವರೇ. 1970ರಲ್ಲಿ ಮೊದಲ ಪುಸ್ತಕ ಬಂತು. ಸ್ವಂತ ಹೆಸರು ಹಾಕಿದರೆ ಜಾಹೀರಾತು ಮಾಡಿಕೊಂಡಂತೆ, ವೃತ್ತಿಯ ನಿಯಮ ಒಪ್ಪುವುದಿಲ್ಲ. ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದಾಗ ಬರ್ಮಿಂಗ್‌ಹ್ಯಾಂ ತಂಡದ ಗೋಲ್‌ಕೀಪರ್ ಜಿಮ್ ಹೆರಿಯಟ್ ಆಟ ಹಿಡಿಸಿತು, ಅವನ ಹೆಸರನ್ನೇ ಎತ್ತಿಕೊಂಡರು. 1972ರಲ್ಲಿ ಅಮೆರಿಕದಲ್ಲಿ ಎರಡು ಪುಸ್ತಕ ಒಟ್ಟಾಗಿ ಬಂದ ಮೇಲೆ ಅವರು ಲೋಕಪ್ರಸಿದ್ಧರು. 1978ರಿಂದ ಬಿಬಿಸಿಯಲ್ಲಿ ಧಾರಾವಾಹಿ ಬಂತು. ಅದನ್ನು ನೋಡಿ ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದವರು ಅಸಂಖ್ಯ. ಅವರ ಅಂಕಗಳಲ್ಲಿ ಈಗ ಆ ಕಾಲೇಜುಗಳಿಗೆ ಅರ್ಜಿ ಹಾಕಿದರೆ ಅವರಿಗೇ ಸೀಟು ಸಿಗುತ್ತಿರಲಿಲ್ಲ ಎಂಬುದು ತಮಾಷೆಯ ಮಾತಲ್ಲ.

ಇಷ್ಟೆಲ್ಲ ಆದರೂ ಥರ್ಸ್ಕ್ ಬಿಡಲಿಲ್ಲ. ಆದಾಯದ ಬಹುಪಾಲು ತೆರಿಗೆಗೆ ಹೋಗುತ್ತದೆ, ಬೇರೆ ದೇಶಕ್ಕೆ ಹೋಗಿ ಎಂದರೂ ಕೇಳಲಿಲ್ಲ. ಕರ್ಕ್‌ಗೇಟ್ ಬೀದಿಯ 23ನೇ ನಂಬರಿನ ಮನೆ ಮುಂದೆ ಪುಸ್ತಕ ಹಿಡಿದು ಸಹಿಗೆ ನಿಂತ ಪ್ರವಾಸಿಗರು, ಒಳಗೆ ಹೊಟ್ಟೆನೋವಿನ ನಾಯಿ ಹಿಡಿದು ಕೂತ ಊರವರು. ಸುತ್ತಲಿನ ರೈತರು ಮಾತ್ರ ಪುಸ್ತಕದ ಸುದ್ದಿ ಎತ್ತುತ್ತಲೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಕರೆದ ಹೊತ್ತಿಗೆ ಬರುವ ಡಾಕ್ಟರು. ವೈಟ್ 1995ರ ಫೆಬ್ರುವರಿ 23ರಂದು ತೀರಿಕೊಂಡರು. ಆ ಮನೆ ಈಗ ವಸ್ತುಸಂಗ್ರಹಾಲಯ. ಗ್ಲಾಸ್ಗೊದಲ್ಲಿ ಅವರು ಅಷ್ಟು ನಿಧಾನವಾಗಿ ಓದಿ ಮುಗಿಸಿದ ಪಶುವೈದ್ಯ ಶಾಲೆಯಲ್ಲಿ ಒಂದು ಲೈಬ್ರರಿ ಇದೆ. ಅದಕ್ಕೆ ಇಟ್ಟಿರುವುದು ಜೇಮ್ಸ್ ಹೆರಿಯಟ್ ಹೆಸರು.